ಕಾಫಿ ನಡೆದು ಬಂದ ದಾರಿ ಮತ್ತು ಹೋಟೆಲಿನ ಬೆಂಚು

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕಾಫಿ ಬೆಳೆಯುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಅರೇಬಿಕಾ ಕಾಫಿ ಗಿಡಕ್ಕೆ ಸಮುದ್ರಮಟ್ಟದಿಂದ 1000ದಿಂದ 1500 ಮೀಟರ್ ಎತ್ತರದ ಇಳಿಜಾರು, ಮರಗಳ ನೆರಳು, ವರ್ಷಕ್ಕೆ 1600ರಿಂದ 2500 ಮಿಲಿಮೀಟರ್ ಮಳೆ ಬೇಕು. ನಮ್ಮ ಎರಡು ತಾಲ್ಲೂಕುಗಳ ಮಳೆ ಸುಮಾರು 500 ಮಿಲಿಮೀಟರಿನ ಆಸುಪಾಸು. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಿದ್ದರೂ ಶೇಂಗಾ ಮೂಟೆಗಳನ್ನು ಮಂಡಿಯಲ್ಲಿ ಇಳಿಸಿದ ರೈತ ಮೊದಲು ಕಾಲಿಡುವುದು ಎದುರಿನ ಹೋಟೆಲಿಗೆ. ಅಲ್ಲಿ ಅವನ ಕೈಗೆ ಬರುವ ಲೋಟದಲ್ಲಿ ಇಂದು ಕಾಫಿಗಿಂತ ಟೀ ಇರುವುದೇ ಹೆಚ್ಚು. ಆದರೆ ಬೆಂಚು, ಬಿಸಿ ಲೋಟ, ಪಕ್ಕದಲ್ಲಿ ಕುಳಿತ ಅಪರಿಚಿತನ ಮಾತು ಎಂಬ ಈ ಏರ್ಪಾಡನ್ನು ಲೋಕಕ್ಕೆ ಕಲಿಸಿದ್ದು ಕಾಫಿಯೇ.

ಗೊಬ್ಬರ, ಬೀಜೋಪಚಾರ, ಸುರುಳಿ ಪೂಚಿ ಎಂದು ಓದುವ ಪುಟಗಳಲ್ಲಿ ಕಾಫಿಯ ಪುರಾಣವೇಕೆ ಎಂದು ಕೆಲವರು ಕೇಳಬಹುದು. ಕಾಫಿಯ ಚರಿತ್ರೆಯಲ್ಲಿ ಗಿಡದ ಪಾಲು ಅರ್ಧ ಮಾತ್ರ. ಉಳಿದರ್ಧ, ಅದನ್ನು ಕುಡಿಯುವ ನೆಪದಲ್ಲಿ ನಾನಾ ಬಗೆಯ ಜನ ಒಂದೆಡೆ ಕುಳಿತು ಧಾರಣೆ, ಸುದ್ದಿ, ವ್ಯವಹಾರಗಳನ್ನು ಹಂಚಿಕೊಂಡದ್ದರ ಚರಿತ್ರೆ. ಬೆಳೆದದ್ದನ್ನು ಮಾರಿ ಬದುಕುವವರಿಗೆ ಈ ಎರಡನೆಯ ಭಾಗ ಬಹಳ ಮುಖ್ಯವಾದುದು. ಆ ಬೆಂಚಿನ ಮೇಲೆ ಯಾರು ಕೂರಬಹುದು, ಯಾರು ಕೂರಬಾರದು ಎಂಬ ವ್ಯಾಜ್ಯವೂ ಅದರಲ್ಲೇ ಸೇರಿದೆ.

ಆಡು ಕಾಯುವವನ ಕಥೆ

ಅರೇಬಿಕಾ ಕಾಫಿಯ ತವರು ಆಫ್ರಿಕದ ಇಥಿಯೋಪಿಯ. ಅಲ್ಲಿನ ನೈಋತ್ಯ ಭಾಗದ ಎತ್ತರದ ಕಾಡುಗಳಲ್ಲಿ ಅದು ಇಂದಿಗೂ ತಾನಾಗಿಯೇ ಬೆಳೆಯುತ್ತದೆ. ಯಾವುದೋ ಗಿಡದ ಕೆಂಪು ಹಣ್ಣು ತಿಂದ ಆಡುಗಳು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕುಣಿದಾಡಿದವು, ಕಾಯುವವನು ಅದನ್ನು ಕಂಡು ಹಣ್ಣನ್ನು ಮಠದವರಿಗೆ ಕೊಂಡೊಯ್ದು ತೋರಿಸಿದ ಎಂಬ ಕಥೆ ಪ್ರಸಿದ್ಧವಾಗಿದೆ. ಈ ಕಥೆ 1671ರಲ್ಲಿ ರೋಮಿನಲ್ಲಿ ಅಚ್ಚಾದ ಒಂದು ಲ್ಯಾಟಿನ್ ಪುಸ್ತಕದಲ್ಲಿದೆ. ಅಷ್ಟು ಹೊತ್ತಿಗೆ ಜನ ಕಾಫಿ ಕುಡಿಯತೊಡಗಿ ಸುಮಾರು ಇನ್ನೂರು ವರ್ಷಗಳೇ ಕಳೆದಿದ್ದವು. ಆದುದರಿಂದ ಇದನ್ನು ಕಥೆಯೆಂದೇ ಎಣಿಸಬೇಕು. ಆದರೆ ಕುರಿ-ಮೇಕೆಗಳ ಹಿಂದೆ ತಿರುಗುವ ನಮ್ಮ ಹಟ್ಟಿಗಳ ಜನ ಇದನ್ನು ಸುಲಭವಾಗಿ ತಳ್ಳಿಹಾಕಲಾರರು. ಯಾವ ಸೊಪ್ಪು ತಿಂದರೆ ಮೇಕೆ ಏನಾಗುತ್ತದೆಂಬುದು ಕಾಯುವವನಿಗಲ್ಲದೆ ಇನ್ನಾರಿಗೆ ಮೊದಲು ತಿಳಿದೀತು?

ಖಚಿತವಾದ ಚರಿತ್ರೆ 15ನೇ ಶತಮಾನದ ಯೆಮೆನ್ ದೇಶದಿಂದ ಆರಂಭವಾಗುತ್ತದೆ. ಅಲ್ಲಿನ ಸೂಫಿ ಸಾಧಕರು ರಾತ್ರಿಯ ಧ್ಯಾನದಲ್ಲಿ ಎಚ್ಚರವಾಗಿರಲು ಈ ಪಾನೀಯವನ್ನು ಕುಡಿಯುತ್ತಿದ್ದರು. ಅರಬ್ಬರು ಅದನ್ನು 'ಕಹ್ವಾ' ಎಂದರು. ಅದೇ ಮಾತು ದೇಶದಿಂದ ದೇಶಕ್ಕೆ ತಿರುಗಿ ಕೊನೆಗೆ ನಮ್ಮ ಬಾಯಲ್ಲಿ ಕಾಫಿ ಆಯಿತು. ಯೆಮೆನ್ನಿನ ಮೋಕಾ ಬಂದರಿನಿಂದ ಬೀಜ ಹೊರದೇಶಗಳಿಗೆ ಹೋಗುತ್ತಿತ್ತು. ಸಾಧಕರ ಮನೆಯಿಂದ ಪಾನೀಯ ಪೇಟೆಗೆ ಬಂದೊಡನೆ ಅದನ್ನು ಕಾಸಿಗೆ ಮಾರುವ ಅಂಗಡಿಗಳು ಎದ್ದವು. ಕಾಫಿ ಮನೆ ಎಂಬುದು ಹುಟ್ಟಿದ್ದು ಹೀಗೆ.

ಆಳುವವರಿಗೆ ಈ ಅಂಗಡಿಗಳ ಮೇಲೆ ಅನುಮಾನ ಮೊದಲಿನಿಂದಲೂ ಇತ್ತು. 1511ರಲ್ಲಿ ಮೆಕ್ಕಾ ನಗರದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಕೈರೋ ನಗರದಲ್ಲಿದ್ದ ಸುಲ್ತಾನ ಆ ಆಜ್ಞೆಯನ್ನು ಸಡಿಲಿಸಿದ. 1550ರ ದಶಕದಲ್ಲಿ ಅಲೆಪ್ಪೊ ಮತ್ತು ಡಮಾಸ್ಕಸ್ಸಿನಿಂದ ಬಂದ ಇಬ್ಬರು ಇಸ್ತಾಂಬುಲ್ಲಿನಲ್ಲಿ ಕಾಫಿ ಮನೆ ತೆರೆದರೆಂದು ಆ ನಾಡಿನ ಚರಿತ್ರೆಕಾರರು ಬರೆದಿದ್ದಾರೆ. 1633ರಲ್ಲಿ ನಾಲ್ಕನೆಯ ಮುರಾದ್ ಸುಲ್ತಾನ ಅಂತಹ ಮನೆಗಳನ್ನೆಲ್ಲ ಮುಚ್ಚಿಸಿದ. ಕುಡಿಯುವ ಪದಾರ್ಥ ಆರೋಗ್ಯಕ್ಕೆ ಕೆಟ್ಟದ್ದೇ ಒಳ್ಳೆಯದೇ ಎಂಬ ವಾದ ಮೇಲೆ ಮೇಲೆ ನಡೆಯುತ್ತಿತ್ತು. ಒಳಗಿನ ಭಯ ಬೇರೆ: ಹತ್ತು ಜನ ಒಂದೆಡೆ ಕುಳಿತರೆ ಅರಮನೆಯ ಮಾತು ಬಂದೇ ಬರುತ್ತದೆ.

ಲಂಡನ್ನಿನಲ್ಲಿ ಮೊದಲ ಕಾಫಿ ಮನೆ 1652ರಲ್ಲಿ ಆರಂಭವಾಯಿತು. ಒಂದು ಪೆನ್ನಿ ಕೊಟ್ಟರೆ ಒಂದು ಬಟ್ಟಲು ಕಾಫಿ, ಜೊತೆಗೆ ಆ ದಿನದ ಸುದ್ದಿ. ಇದನ್ನು ಕಂಡೇ ಅವುಗಳಿಗೆ 'ಪೆನ್ನಿ ವಿಶ್ವವಿದ್ಯಾನಿಲಯ' ಎಂಬ ಹೆಸರು ಬಿತ್ತು. 1675ರ ಡಿಸೆಂಬರಿನಲ್ಲಿ ಎರಡನೆಯ ಚಾರ್ಲ್ಸ್ ದೊರೆ ಇವನ್ನು ಮುಚ್ಚಬೇಕೆಂದು ಘೋಷಣೆ ಹೊರಡಿಸಿದ. ಜನರ ವಿರೋಧ ಎಷ್ಟಿತ್ತೆಂದರೆ ಅದು ಜಾರಿಗೆ ಬರುವ ಮೊದಲೇ ಹಿಂತೆಗೆದುಕೊಂಡ. ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಮನೆಗೆ ಹಡಗಿನ ವ್ಯಾಪಾರಿಗಳು ಬರುತ್ತಿದ್ದರು. ಯಾವ ಹಡಗು ಎಲ್ಲಿದೆ, ಯಾವುದು ಮುಳುಗಿತು ಎಂಬ ವರ್ತಮಾನ ಅಲ್ಲಿ ಸಿಗುತ್ತಿತ್ತು. ಮುಳುಗಿದರೆ ನಷ್ಟವನ್ನು ಹಲವರು ಹಂಚಿಕೊಳ್ಳುವ ಕರಾರು ಪತ್ರಗಳಿಗೆ ಅಲ್ಲಿಯೇ ಸಹಿ ಬೀಳತೊಡಗಿತು. ಲಾಯ್ಡ್ಸ್ ಎಂಬ ಜಗತ್ಪ್ರಸಿದ್ಧ ವಿಮಾ ಸಂಸ್ಥೆ ಬೆಳೆದದ್ದು ಈ ಅಂಗಡಿಯಿಂದ. ಮುಂಗಾರಿನಲ್ಲಿ ಶೇಂಗಾ ಬಿತ್ತಿ, ಫಸಲ್ ಬಿಮಾ ಯೋಜನೆಗೆ ವಿಮಾ ಮೊತ್ತದ ನೂರಕ್ಕೆ 2ರಷ್ಟು ಕಂತು ಕಟ್ಟುವ ನಮ್ಮ ರೈತರಿಗೆ ಇದರ ಹುರುಳು ಬೇಗ ತಿಳಿಯುತ್ತದೆ. ಹಡಗು ಮುಳುಗುವುದೂ ಮಳೆ ಕೈಕೊಡುವುದೂ ಒಬ್ಬನೇ ತಾಳಲಾಗದ ನಷ್ಟಗಳೇ.

ಚಂದ್ರದ್ರೋಣ ಪರ್ವತದಿಂದ ಕಾಫಿ ಮಂಡಳಿಯವರೆಗೆ

ನಮ್ಮ ಜಿಲ್ಲೆಯ ಗಡಿಗೆ ತಗುಲಿಕೊಂಡಂತೆಯೇ ಚಿಕ್ಕಮಗಳೂರು ಜಿಲ್ಲೆಯಿದೆ. ಕಡೂರಿನ ಬಯಲು ಕಳೆದರೆ ಎದುರಿಗೆ ಚಂದ್ರದ್ರೋಣ ಪರ್ವತ, ಅಂದರೆ ಬಾಬಾಬುಡನ್‌ಗಿರಿ. 17ನೇ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮೆನ್ನಿನಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬುದು ಪರಂಪರೆಯಿಂದ ಬಂದ ನಂಬಿಕೆ. ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬ್ಬರು ಕಾವಲಿಟ್ಟಿದ್ದರೆಂದೂ ಹೇಳುತ್ತಾರೆ. ಬೀಜದ ಬೆಲೆ ಬಲ್ಲ ಯಾವ ರೈತನೂ ಅವರನ್ನು ಆಕ್ಷೇಪಿಸಲಾರ, ಸಂತರನ್ನೂ ಆಕ್ಷೇಪಿಸಲಾರ!

ಬಹಳ ಕಾಲ ಇದು ಹಿತ್ತಿಲ ಗಿಡವಾಗಿಯೇ ಉಳಿದಿತ್ತು. 19ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷರು ತೋಟಗಳನ್ನು ಎಬ್ಬಿಸಿದರು. ಆಮೇಲೆ ಕಾಡು ಕಡಿದು ಬೆಳೆದ ಒಂದೇ ಬೆಳೆಗೆ ಬರಬಹುದಾದ ಕಷ್ಟಗಳೆಲ್ಲ ಬಂದವು. ಮೊದಲು ಬಿಳಿ ಕಾಂಡಕೊರಕ, ಅನಂತರ ಎಲೆ ತುಕ್ಕು ರೋಗ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿದ ತುಕ್ಕು ಅಲ್ಲಿನ ಕಾಫಿಯನ್ನೇ ಅಳಿಸಿಹಾಕಿತು. ಸಿಂಹಳ ಟೀ ದೇಶವಾದದ್ದು ಅದರಿಂದಲೇ. ನಮ್ಮಲ್ಲಿ ಹಾಗಾಗಲಿಲ್ಲ. 1911ರಲ್ಲಿ ಕೆಂಟ್ ಎಂಬ ತೋಟಗಾರರು ತಮ್ಮ ತೋಟದಲ್ಲಿ ತುಕ್ಕಿಗೆ ಜಗ್ಗದೆ ನಿಂತ ಗಿಡವೊಂದನ್ನು ಗುರುತಿಸಿ ಬೀಜ ಮಾಡಿದರು. ಬಹಳ ಕಾಲ ಬೆಳೆಗಾರರನ್ನು ಕಾಯ್ದ 'ಕೆಂಟ್ಸ್' ತಳಿ ಅದು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಸಾಲಿನಲ್ಲಿ ಎಲ್ಲ ಗಿಡ ಸೊರಗಿರುವಾಗ ಒಂದು ಗಿಡ ಮಾತ್ರ ಹಸಿರಾಗಿದ್ದರೆ ಅದನ್ನು ಗುರುತು ಮಾಡಿ ಬೀಜಕ್ಕೆ ಬಿಡುವ ಅಭ್ಯಾಸ ಶೇಂಗಾ ಬೆಳೆಯುವವರಿಗೂ ಇರಬೇಕು.

ಈ ತೋಟಗಳಿಗೂ ಬಯಲುಸೀಮೆಗೂ ಇನ್ನೊಂದು ನಂಟಿದೆ. ಅರೇಬಿಕಾ ಹಣ್ಣು ಬಿಡಿಸುವ ಕಾಲ ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಹಿಂದೆಯೇ. ನಮ್ಮಲ್ಲಿ ಶೇಂಗಾ ಕಿತ್ತು ಮುಗಿದು ಕೈ ಖಾಲಿಯಾಗುವುದೂ ಆಗಲೇ. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಕುಟುಂಬಗಳು ಮೇಸ್ತ್ರಿಯಿಂದ ಮುಂಗಡ ಪಡೆದು ಮಕ್ಕಳುಮರಿಗಳೊಂದಿಗೆ ಘಟ್ಟಕ್ಕೆ ಹೋಗುವುದು ತಲೆಮಾರುಗಳಿಂದ ನಡೆದು ಬಂದಿದೆ. ಕಾಫಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ತೋಟದ ಒಡೆಯರ ಹೆಸರಿನಲ್ಲಿ ನಿಲ್ಲುತ್ತಾರೆ. ಹಣ್ಣು ಬಿಡಿಸಿದ ಕೈಗಳು ಎಲ್ಲಿಂದ ಬಂದವೆಂಬುದನ್ನೂ ಬರೆದರೆ ಚರಿತ್ರೆ ಪೂರ್ಣವಾದೀತು.

ಇಷ್ಟೆಲ್ಲ ಬೆಳೆದರೂ ನಮ್ಮ ದೇಶದಲ್ಲಿ ಕುಡಿಯುವವರು ಕಡಿಮೆ. ಕಾಫಿ ಹಡಗಿನಲ್ಲಿ ಯೂರೋಪಿಗೆ ಹೋಗುತ್ತಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹೊರಗಿನ ಬೆಲೆ ಕುಸಿದಾಗ ಬೆಳೆಗಾರರು ದಿಕ್ಕೆಟ್ಟರು. ಆಗ 1935ರಲ್ಲಿ ಕಾಫಿ ಸೆಸ್ ಸಮಿತಿ ರಚನೆಯಾಯಿತು. ದೇಶದ ಒಳಗೇ ಕುಡಿಯುವವರನ್ನು ಹುಟ್ಟಿಸಬೇಕು ಎಂದು ಸಮಿತಿ ಯೋಚಿಸಿ, 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು. ಮುಂದೆ ಮಹಾಯುದ್ಧದಿಂದ ಯೂರೋಪಿನ ದಾರಿ ಕಡಿದುಹೋದಾಗ 1942ರ ಕಾಯಿದೆಯಂತೆ ಕಾಫಿ ಮಂಡಳಿ ಬೆಂಗಳೂರಿನಲ್ಲಿ ಕೆಲಸ ನಡೆಸಿ, ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಹೊಣೆ ಹೊತ್ತಿತು. ಕಾಫಿ ಹೌಸುಗಳೂ ಊರೂರಿಗೆ ಹರಡಿದವು. ಬೆಳೆಗಾರರ ಬೆಲೆ ಉಳಿಸಲು ಹುಟ್ಟಿದ ಅಂಗಡಿಗಳಲ್ಲಿ ಕಾಲಕ್ರಮೇಣ ಪತ್ರಕರ್ತರು, ವಿದ್ಯಾರ್ಥಿಗಳು, ಕವಿಗಳು ಬೀಡುಬಿಟ್ಟದ್ದು ಬೇರೆ ಮಾತು.

1950ರ ದಶಕದಲ್ಲಿ ಮಂಡಳಿ ಈ ಅಂಗಡಿಗಳನ್ನು ಮುಚ್ಚಲು ನಿರ್ಧರಿಸಿತು. ಕೆಲಸ ಹೋಗುವ ಸ್ಥಿತಿಯಲ್ಲಿದ್ದ ಪರಿಚಾರಕರು, ಅಡಿಗೆಯವರು ಮುಂದೇನು ಮಾಡಿದರೆಂಬುದನ್ನು ಸಹಕಾರ ಸಂಘಗಳ ಸದಸ್ಯರು ಅಗತ್ಯವಾಗಿ ತಿಳಿಯಬೇಕು. ಕಾರ್ಮಿಕ ನಾಯಕ ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಅವರು ತಾವೇ ಸಂಘ ಕಟ್ಟಿಕೊಂಡು ಅಂಗಡಿಗಳನ್ನು ವಹಿಸಿಕೊಂಡರು. ಇಂತಹ ಮೊದಲ ಸಂಘ 1957ರ ಆಗಸ್ಟ್ 19ರಂದು ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಸಂಘದ ಕಾಫಿ ಹೌಸ್ ಆರಂಭವಾಯಿತು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು. ಬಂಡವಾಳವಿಲ್ಲದವರು, ಲೋಟ ತೊಳೆದು ಬದುಕಿದವರು ನಡೆಸಿದ ಸಂಘಗಳು ಅರವತ್ತು ವರ್ಷ ಮೀರಿ ಬಾಳಿವೆ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸಂಘಗಳು ಒಂದೇ ಚುನಾವಣೆಯಲ್ಲಿ ಎರಡು ಪಂಗಡವಾಗಿ ಕೂರುವುದನ್ನು ನೋಡಿದರೆ ಈ ಪರಿಚಾರಕರಿಂದ ಕಲಿಯುವುದು ಬಹಳವಿದೆ ಎನಿಸುತ್ತದೆ.

ಮಂಡಳಿಯ ಕಡ್ಡಾಯ ಖರೀದಿ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ಕ್ಕೆ ಪೂರ್ತಿ ಹೋಯಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಇಂದು ಭಾರತ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ಹತ್ತಕ್ಕೆ ಏಳು ಪಾಲು ಕರ್ನಾಟಕದ್ದು.

ಹೋಟೆಲಿನ ಬಾಗಿಲು

ಇನ್ನು ನಮ್ಮ ಊರುಗಳ ಹೋಟೆಲಿನ ವಿಷಯ. ದಕ್ಷಿಣ ಕನ್ನಡದಿಂದ, ಅದರಲ್ಲೂ ಉಡುಪಿಯ ಸುತ್ತಮುತ್ತಲಿನಿಂದ ಹೊರಟ ಅಡಿಗೆಯವರು 20ನೇ ಶತಮಾನದ ಮೊದಲ ದಶಕಗಳಲ್ಲಿ ಪಟ್ಟಣಗಳಲ್ಲಿ ಕಾಫಿ, ಇಡ್ಲಿ, ದೋಸೆಯ ಅಂಗಡಿ ಹಾಕಿದರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ ಎಂದಿತ್ತು. ಹೆಸರೇ ಆ ಕಾಲವನ್ನು ಹೇಳುತ್ತದೆ. ಅಡಿಗೆ ಮಾಡಿದವರು ಯಾರು, ಪಕ್ಕದಲ್ಲಿ ಕುಳಿತವರು ಯಾರು ಎಂಬ ಚಿಂತೆಯಿಂದ ಹೊರಗಡೆ ತಿನ್ನಲು ಹಿಂಜರಿಯುತ್ತಿದ್ದವರನ್ನು ಒಳಗೆ ಕರೆಯಲು ಅಂತಹ ಬೋರ್ಡು ಬೇಕಾಗುತ್ತಿತ್ತು. ಅದೇ ಬೋರ್ಡು ಉಳಿದವರಿಗೆ ನೀವು ಬರಬೇಡಿ ಎಂದೂ ಹೇಳುತ್ತಿತ್ತು. ಪಟ್ಟಣ ಬೆಳೆದಂತೆ, ಬಸ್ಸು ರೈಲುಗಳಿಂದ ಇಳಿದವರ ಜಾತಿ ಕೇಳುವುದು ಕಷ್ಟವಾದಂತೆ, ಆ ಬೋರ್ಡುಗಳು ಮರೆಯಾದವು. ವ್ಯಾಪಾರದ ಲಾಭವೂ ಎಲ್ಲರನ್ನೂ ಒಳಗೆ ಕರೆಯುವುದರಲ್ಲಿಯೇ ಇತ್ತು.

ಹಳ್ಳಿಯ ಹೋಟೆಲಿನಲ್ಲಿ ಹಾಗಾಗುವುದು ಸುಲಭವಾಗಿರಲಿಲ್ಲ. ಅಲ್ಲಿ ಬರುವವರೆಲ್ಲ ಗುರುತಿನವರೇ. ಗೋಡೆಯ ಬದಿಯಲ್ಲಿ ಬೇರೆ ಲೋಟ, ಅಥವಾ ತೆಂಗಿನ ಚಿಪ್ಪು, ಕುಡಿದವರೇ ತೊಳೆದಿಡಬೇಕು, ಒಳಗಿನ ಬೆಂಚಿಗೆ ಬದಲು ಹೊರಗಿನ ನೆಲ. ಈ ಎರಡು ಲೋಟದ ಪದ್ಧತಿ ಕರ್ನಾಟಕದ ಹಳ್ಳಿಗಳಲ್ಲಿ ಬಹು ಕಾಲ ನಡೆಯಿತು. ಪ್ಲಾಸ್ಟಿಕ್ ಲೋಟ ಬಂದ ಮೇಲೆ ಕೆಲವು ಕಡೆ ಅದು ವೇಷ ಬದಲಿಸಿದ್ದೂ ಉಂಟು: ಕೆಲವರಿಗೆ ಗಾಜಿನ ಲೋಟ, ಕೆಲವರಿಗೆ ಮಾತ್ರ ಎಸೆಯುವ ಲೋಟ. 1970ರ ದಶಕದಿಂದ ರಾಜ್ಯದಲ್ಲಿ ದಲಿತ ಸಂಘಟನೆಗಳು ಹೋಟೆಲ್ ಪ್ರವೇಶಕ್ಕಾಗಿ ಮತ್ತೆ ಮತ್ತೆ ಹೋರಾಡಬೇಕಾಯಿತು ಎಂಬುದು ನೆನಪಿರಲಿ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ಅನುಚ್ಛೇದ ಅಂಗಡಿ, ಹೋಟೆಲುಗಳಿಗೆ ಎಲ್ಲರಿಗೂ ಪ್ರವೇಶವುಂಟೆಂದು ಸಾರುತ್ತದೆ. 17ನೇ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ಕಾಯಿದೆ 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಕರೆಯಲ್ಪಡುತ್ತದೆ. ಅದರ 4ನೇ ಕಲಮಿನಲ್ಲಿ ಹೋಟೆಲಿನಲ್ಲಿ ಜನರ ಬಳಕೆಗೆಂದು ಇಟ್ಟ ಪಾತ್ರೆಗಳ ಮಾತೂ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರಿಗೆ ಆ ಲೋಟ ನಿರಾಕರಿಸುವುದು ಅಪರಾಧ; ಒಂದು ತಿಂಗಳಿಂದ ಆರು ತಿಂಗಳವರೆಗೆ ಸೆರೆವಾಸ, ಜೊತೆಗೆ ದಂಡ. ಶಾಸನ ಬರೆದವರು ಲೋಟದಂತಹ ಸಣ್ಣ ವಸ್ತುವನ್ನೂ ಮರೆಯದೆ ಸೇರಿಸಿದ್ದೇಕೆಂಬುದನ್ನು ಹೊರಗೆ ನಿಂತು ಕುಡಿದವರೇ ಬಲ್ಲರು.

ಇದು ಮಾನದ ಪ್ರಶ್ನೆ. ಬೇಸಾಯದ ಪ್ರಶ್ನೆಯೂ ಹೌದು. ಹೊರಗಿನ ನೆಲದ ಮೇಲೆ ಕುಳಿತವನ ಕಿವಿಗೆ ಒಳಗಿನ ಬೆಂಚಿನ ಮಾತು ಬೀಳುವುದಿಲ್ಲ. ನಿನ್ನೆ ಎಣ್ಣೆ ಮಿಲ್ಲಿನವರು ಕ್ವಿಂಟಲಿಗೆ ಎಷ್ಟು ಕೊಟ್ಟರು, ಯಾವ ಮಂಡಿಯಲ್ಲಿ ತೂಕ ನೇರವಾಗಿದೆ, ರೈತ ಸಂಪರ್ಕ ಕೇಂದ್ರಕ್ಕೆ ಬಿತ್ತನೆ ಬೀಜ ಬಂದಿದೆಯೇ, ರಾಮನಗರದಲ್ಲಿ ರೇಷ್ಮೆ ಗೂಡಿನ ಧಾರಣೆ ಏನು, ಕಂಬಳಿಗೆ ಯಾವ ಊರಿನ ವ್ಯಾಪಾರಿ ಬಂದಿದ್ದಾನೆ ಎಂಬ ಸುದ್ದಿಯೆಲ್ಲ ಮೊದಲು ಬರುವುದು ಆ ಬೆಂಚಿಗೆ. ಒಂದೆರಡು ಎಕರೆಯ ಖುಷ್ಕಿ ಭೂಮಿಯವನಿಗೆ ಈ ಸುದ್ದಿಯ ಅಗತ್ಯ ಹತ್ತು ಎಕರೆಯವನಿಗಿಂತ ಹೆಚ್ಚು. ಹೆಂಗಸರ ವಿಷಯವೂ ಹೀಗೆಯೇ. ಶೇಂಗಾ ಬಿಡಿಸುವುದು, ರೇಷ್ಮೆ ಹುಳು ಮೇಯಿಸುವುದು ಬಹುಮಟ್ಟಿಗೆ ಅವರ ಕೆಲಸ. ಸಂತೆಯ ದಿನ ಅವರು ಟೀ ಲೋಟವನ್ನು ಹೋಟೆಲಿನ ಹೊರಗೆ ಗೋಡೆಗೆ ಒರಗಿ ಕುಡಿದು ಹೋಗುತ್ತಾರೆ. ಲಂಡನ್ನಿನ ಹಳೆಯ ಕಾಫಿ ಮನೆಗಳೂ ಗಂಡಸರ ಜಾಗಗಳಾಗಿದ್ದವು. ಆ ವಿಷಯದಲ್ಲಿ ನಾವು ಅವರನ್ನು ಅನುಕರಿಸಬೇಕಾಗಿಲ್ಲ.

ಬೆಂಚಿನ ಮಾತನ್ನೆಲ್ಲ ನಂಬಬೇಕೆಂದಲ್ಲ. ಲಾಯ್ಡನ ಅಂಗಡಿಗೆ ಜನ ಮುಗಿಬಿದ್ದದ್ದು ಅಲ್ಲಿನ ಹಡಗಿನ ಸುದ್ದಿ ನಂಬುವಂತಿದ್ದುದರಿಂದ. ದಲ್ಲಾಳಿಯ ಕಡೆಯವನು ಬೇಕೆಂದೇ ಧಾರಣೆ ಇಳಿಸಿ ಹೇಳುವುದು ನಮ್ಮಲ್ಲಿ ಹೊಸದೇನಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ದಿನದ ಧಾರಣೆ, 'ಕೃಷಿ ಮಾರಾಟ ವಾಹಿನಿ' ಜಾಲತಾಣದಲ್ಲಿ ಸಿಗುವ ಬೇರೆ ಬೇರೆ ಮಾರುಕಟ್ಟೆಗಳ ಧಾರಣೆ, ಇವನ್ನು ಹೋಟೆಲಿನ ಮಾತಿನೊಡನೆ ತಾಳೆ ನೋಡಬೇಕು. ಊರಿನ ಓದು ಬಲ್ಲ ಯುವಕರು ಒಂದು ಕಪ್ಪು ಹಲಗೆಯನ್ನು ಹೋಟೆಲಿನ ಗೋಡೆಗೆ ತೂಗಿ, ದಿನವೂ ಶೇಂಗಾ, ಈರುಳ್ಳಿ, ರೇಷ್ಮೆ ಗೂಡಿನ ಧಾರಣೆ ಬರೆದರೆ ಸಾಕು. ಖರ್ಚು ಒಂದು ಸೀಮೆಸುಣ್ಣದ್ದು. ಮೊಬೈಲು ಇಲ್ಲದ ಮುದುಕನಿಗೂ, ಓದು ಬಾರದೆ ಪಕ್ಕದವರನ್ನು ಕೇಳುವವಳಿಗೂ ಅದು ಸಿಗುತ್ತದೆ.

ಲೋಟದೊಳಗಿನ ವಿಷಯ

ಕಾಫಿ ಪುಡಿ ಕೊಳ್ಳುವಾಗ ಚಿಕೋರಿಯ ಪ್ರಮಾಣ ನೋಡಬೇಕು. ಚಿಕೋರಿ ಒಂದು ಗಿಡದ ಬೇರು; ಹುರಿದು ಪುಡಿ ಮಾಡಿ ಬೆರೆಸುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ, ಬಣ್ಣವೂ ಗಟ್ಟಿತನವೂ ಉಂಟು. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಮಾಡಿರಬೇಕು ಎಂಬುದು ನಿಯಮ. ಬಿಡಿಯಾಗಿ ಕೊಂಡ ಪುಡಿಯನ್ನು ಪರೀಕ್ಷಿಸಲು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಒಂದು ಚಿಟಿಕೆ ಉದುರಿಸಿರಿ. ಕಾಫಿ ಪುಡಿ ತೇಲುತ್ತದೆ. ಚಿಕೋರಿ ಬೇಗನೆ ಮುಳುಗುತ್ತ, ಹಿಂದೆ ಕಂದು ಬಣ್ಣದ ಗೆರೆ ಬಿಡುತ್ತದೆ.

ಊಟದೊಡನೆ ಕಾಫಿ, ಟೀ ಕುಡಿದರೆ ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಾಗಿ ಮುದ್ದೆ, ಸೊಪ್ಪಿನ ಸಾರು ಉಂಡು ಕೂಡಲೇ ಲೋಟ ಹಿಡಿದರೆ ಉಂಡದ್ದರ ಲಾಭ ಅಷ್ಟು ಹೋಯಿತು. ಗರ್ಭಿಣಿಯರು, ರಕ್ತಹೀನತೆ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ಅನಂತರದವರೆಗೆ ಇವನ್ನು ಬಿಡಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2024ರ ಸೂಚನೆ ಹೇಳುತ್ತದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿಯೆಂದೂ ಅದರಲ್ಲಿದೆ. 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಅಷ್ಟೇ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೊಲದಿಂದ ಬಂದವರಿಗೆ ಮಜ್ಜಿಗೆ, ರಾಗಿ ಅಂಬಲಿಯೇ ಮೇಲು. ಕಾಫಿಯನ್ನು ಸಂತೆಯ ದಿನಕ್ಕೆ ಇಟ್ಟುಕೊಳ್ಳಬಹುದು.